ಮೈಂಜ್‌ನ ನೀಲಿ ಕಿಟಕಿಗಳ ಶಗಾಲ್

ಫ್ರಾಂಕ್‌ಫರ್ಟ್ ಕಡೆ ಕೆಲಸ ಮಾಡೋ ನಮ್ಮವರು ಮೈಂಜ್‌ಗೆ ಹೋದರೆ ರೈನ್ ನದಿ, ದೊಡ್ಡ ಕತೀಡ್ರಲ್ ನೋಡಿಕೊಂಡು ವಾಪಸ್ ಬಂದುಬಿಡ್ತಾರೆ. ದಿಬ್ಬದ ಮೇಲಿರುವ ಸೇಂಟ್ ಸ್ಟೀಫನ್ ಚರ್ಚನ್ನು ಬಿಡಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳ್ತಿರ್ತೀನಿ. ಅಲ್ಲಿನ ಗಾಜಿನ ಕಿಟಕಿಗಳನ್ನು ಮಾಡಿದ ಮಾರ್ಕ್ ಶಗಾಲ್ ಕೂಡ ಊರು ಬಿಟ್ಟವರೇ.

ಶಗಾಲ್ ಹುಟ್ಟಿದ್ದು 1887ರಲ್ಲಿ, ಈಗಿನ ಬೆಲಾರುಸ್‌ನ ವಿಟೆಬ್ಸ್ಕ್ ಸೀಮೆಯ ಬಡ ಯಹೂದಿ ಕುಟುಂಬದಲ್ಲಿ. ಅಪ್ಪ ಮೀನಿನ ಮಳಿಗೆಯಲ್ಲಿ ಕೂಲಿ. ಮಗ ಚಿತ್ರಕಲೆ ಹಿಡಿದು ಪೀಟರ್ಸ್‌ಬರ್ಗ್‌ಗೆ, ಆಮೇಲೆ ಪ್ಯಾರಿಸ್‌ಗೆ ಹೋದರು. 1937ರಲ್ಲಿ ನಾಜಿಗಳು ಕುಲಗೆಟ್ಟ ಕಲೆ ಎಂದು ಹೀಯಾಳಿಸಲು ಮ್ಯೂನಿಕ್‌ನಲ್ಲಿ ಇಟ್ಟ ಪ್ರದರ್ಶನದಲ್ಲಿ ಇವರ ಚಿತ್ರಗಳೂ ಇದ್ದವು. 1941ರಲ್ಲಿ ಹೆಂಡತಿ ಬೆಲ್ಲಾ ಜೊತೆ ಅಮೆರಿಕಕ್ಕೆ ಪಾರಾದರು. 1944ರಲ್ಲಿ ಬೆಲ್ಲಾ ಅಲ್ಲೇ ತೀರಿಕೊಂಡರು. ನಾವು ಸಂಬಳಕ್ಕಾಗಿ ವೀಸಾ ಹಿಡಿದು ಬಂದವರು. ಅವರದು ಜೀವ ಉಳಿಸಿಕೊಳ್ಳೋ ವಲಸೆ.

1948ರಲ್ಲಿ ಫ್ರಾನ್ಸ್‌ಗೆ ಮರಳಿದರು. ಗಾಜಿನ ಕೆಲಸಕ್ಕೆ ಕೈ ಹಾಕಿದ್ದು ಸುಮಾರು 70ನೇ ವಯಸ್ಸಿಗೆ! ಮೆಟ್ಸ್, ಜೆರುಸಲೇಮ್, ಜ್ಯೂರಿಕ್ ಎಲ್ಲ ಆಯಿತು. ಆಗ, 1973ರಲ್ಲಿ, ಮೈಂಜ್‌ನಿಂದ ಪಾದ್ರಿ ಕ್ಲಾಸ್ ಮಾಯರ್ ಪತ್ರ ಬರೆದರು. ಯುದ್ಧದ ಬಾಂಬಿಗೆ ಹಾಳಾಗಿದ್ದ ಚರ್ಚು ಅದು. ತನ್ನ ಜನರನ್ನು ಕೊಂದ ದೇಶದ ಚರ್ಚಿಗೆ ಕೆಲಸ ಮಾಡಿಕೊಡೋದೇ? ಒಪ್ಪೋದು ಸುಲಭವಾಗಿರಲಿಲ್ಲ ಅಂತ ನನಗನಿಸುತ್ತೆ. ಆದರೂ ಒಪ್ಪಿದರು. ಮೊದಲ ಕಿಟಕಿ ಕೂರಿಸಿದಾಗ, 1978ರಲ್ಲಿ, ಅವರಿಗೆ 91.

ಚರ್ಚಿನ ಗಾಜಿನಲ್ಲಿ ಸಾಮಾನ್ಯವಾಗಿ ಕುರಿಮರಿ ಅಂದರೆ ಯೇಸು, ಪಾರಿವಾಳ ಅಂದರೆ ಪವಿತ್ರಾತ್ಮ, ಕೀಲಿಕೈ ಹಿಡಿದವರು ಸಂತ ಪೇತ್ರ ಅಂತ ಗುರುತು ಹಿಡೀಬಹುದು. ಇಲ್ಲಿ ಆ ಲೆಕ್ಕ ಸಾಲದು. ನಡುವಿನ ಕಿಟಕಿಗೆ ಶಗಾಲ್ ಆರಿಸಿಕೊಂಡಿದ್ದು ಯಹೂದಿಗಳೂ ಕ್ರೈಸ್ತರೂ ಓದುವ ಹಳೆಯ ಒಡಂಬಡಿಕೆಯನ್ನು: ಅಬ್ರಹಾಮನ ಬಳಿ ಬಂದ ಮೂವರು ಅತಿಥಿಗಳು, ಯಾಕೋಬನ ಕನಸು, ಕಲ್ಲಿನ ಹಲಗೆ ಹಿಡಿದ ಮೋಶೆ. ಆ ಮೂವರು ಯಹೂದಿಗಳಿಗೆ ದೇವದೂತರು. ಕ್ರೈಸ್ತರು ಅದೇ ಮೂವರಲ್ಲಿ ತ್ರಯೇಕ ದೇವರ ಸೂಚನೆ ಕಾಣ್ತಾರೆ. ಗಾಜು ಮಾತ್ರ ಒಂದೇ. ಯಾರ ನಂಬಿಕೆಯನ್ನೂ ಕೆಣಕದೆ ಇಬ್ಬರನ್ನೂ ಒಂದೇ ಕಿಟಕಿಯ ಮುಂದೆ ನಿಲ್ಲಿಸಿದ್ದಾರಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತೆ.

ಇನ್ನು ಆ ನೀಲಿ. ಫ್ರಾನ್ಸಿನ ರೀಮ್ಸ್‌ನಲ್ಲಿ ಶಾರ್ಲ್ ಮಾರ್ಕ್ ಅವರ ಕಾರ್ಯಾಗಾರದಲ್ಲಿ ಬಣ್ಣದ ಗಾಜನ್ನು ಆಸಿಡ್‌ನಿಂದ ಅಲ್ಲಲ್ಲಿ ತೆಳುವಾಗಿಸಿ, ಸೀಸದ ಪಟ್ಟಿಯಲ್ಲಿ ಜೋಡಿಸ್ತಿದ್ದರು. ಅದರ ಮೇಲೆ ಶಗಾಲ್ ಸ್ವತಃ ಕಪ್ಪು ಗೆರೆ ಎಳೀತಿದ್ದರು. ಹಾಗಾಗಿ ಒಂದೇ ನೀಲಿಯಲ್ಲಿ ಹತ್ತಾರು ನೀಲಿಗಳು.

1985ರ ಮಾರ್ಚ್‌ನಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಒಂಬತ್ತು ಕಿಟಕಿಗಳನ್ನು ಮುಗಿಸಿಕೊಟ್ಟಿದ್ದರು. ಅವನ್ನು ನೋಡಲು ಮೈಂಜ್‌ಗೆ ಮಾತ್ರ ಒಮ್ಮೆಯೂ ಬರಲಿಲ್ಲ.