ಒಂಬತ್ತು ದಿನಗಳ ತಲೆನೋವು

ಪೀಣ್ಯದ ಕಾರ್ಖಾನೆಗಳಿಗೆ ಸಮೀಪದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯನಾಗಿ ನಾನು ಹಲವು ವರ್ಷಗಳನ್ನು ಕಳೆದಿದ್ದೇನೆ. ಪ್ರೆಸ್ಸಿಗೆ ಸಿಕ್ಕಿ ಬೆರಳು ಜಜ್ಜಿಕೊಂಡವರು, ಬೆಲ್ಟಿಗೆ ಸಿಕ್ಕಿ ಮುಂಗೈ ಮುರಿದುಕೊಂಡವರು ಅಲ್ಲಿಗೆ ಬರುತ್ತಲೇ ಇರುತ್ತಾರೆ. ಹೊಟ್ಟೆ ತುಂಬ ಉಂಡು ಪಾಳಿಗೆ ಹೋದವನ ಪ್ರಜ್ಞೆಯನ್ನು ಪೂರ್ತಿಯಾಗಿ ತಪ್ಪಿಸುವುದು ಅಪಾಯಕರ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅಂಥವನ ಕೊರಳಿನ ಬುಡದಲ್ಲಿರುವ ನರಗಳ ಗುಂಪಿನ ಬಳಿ ಔಷಧಿಯನ್ನು ಬಿಟ್ಟರೆ ತೋಳು ಮಾತ್ರ ಮರಗಟ್ಟುತ್ತದೆ. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಆತನು ನಮ್ಮೊಡನೆ ತನ್ನ ಊರಿನ ಮಳೆಬೆಳೆಯ ಮಾತನಾಡುತ್ತಿರುತ್ತಾನೆ.

ಈ ವಿದ್ಯೆಗೆ ಪ್ರಾದೇಶಿಕ ಅರಿವಳಿಕೆಯೆಂದು ಹೆಸರು. ಇದರಲ್ಲಿ ನಿಷ್ಣಾತರಾಗಬೇಕೆನ್ನುವವರು ಎಂ.ಡಿ. ಪದವಿಯ ಅನಂತರವೂ ಫೆಲೋಷಿಪ್ ಎಂಬ ಹೆಸರಿನಲ್ಲಿ ಗುರುವೊಬ್ಬರ ಬಳಿ ಮತ್ತೆ ವಿದ್ಯಾರ್ಥಿಗಳಾಗುತ್ತಾರೆ. ನಾನು ಹಾಗೆ ಕಲಿಯುತ್ತಿದ್ದ ಕಾಲದಲ್ಲಿ ಒಂದು ತಪ್ಪು ಮಾಡಿದೆನು. ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಸಿಸೇರಿಯನ್ ಹೆರಿಗೆಗೆಂದು ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿದ್ದೆನು. ಎರಡನೆಯ ದಿನ, ಮಗುವಿಗೆ ಹಾಲೂಡಲು ಎದ್ದು ಕುಳಿತರೆ ತಲೆ ಸಿಡಿಯುತ್ತದೆ ಎಂದು ಆಕೆ ಹೇಳಿದಳು. ನಿದ್ರೆಯಿಲ್ಲದ್ದರಿಂದ ಹಾಗಾಗುತ್ತಿದೆಯೆಂದು ಹೇಳಿ ನಾನು ಮುಂದಿನ ಹಾಸಿಗೆಗೆ ನಡೆದೆನು. ಆ ಸಂಜೆ ನನ್ನ ಗುರುಗಳು ಗದರಲಿಲ್ಲ; ಆಗಸ್ಟ್ ಬಿಯರ್ ಎಂಬಾತನ ಚರಿತ್ರೆಯನ್ನು ಓದಿಕೊಂಡು ಬರುವಂತೆ ತಿಳಿಸಿದರು. ಅಂದು ಓದಿದ್ದನ್ನು ಇಂದು ಓದುಗರ ಮುಂದಿಡುತ್ತಿದ್ದೇನೆ.

ಬಿಯರ್ ಹುಟ್ಟಿದ್ದು 1861ರ ನವೆಂಬರ್ 24ರಂದು, ಜರ್ಮನಿಯ ವಾಲ್ಡೆಕ್ ಸೀಮೆಯ ಹೆಲ್ಸೆನ್ ಎಂಬ ಹಳ್ಳಿಯಲ್ಲಿ. ವೈದ್ಯವಿದ್ಯೆಯನ್ನು ಕಲಿತ ಮೇಲೆ ಆತನು ಸಮುದ್ರತೀರದ ಕೀಲ್ ನಗರದಲ್ಲಿ ಎಸ್ಮಾರ್ಕ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಸಹಾಯಕನಾದನು. ರಬ್ಬರಿನ ಪಟ್ಟಿ ಸುತ್ತಿ ಕೈಕಾಲಿನ ರಕ್ತವನ್ನು ಹಿಂದಕ್ಕೆ ಒತ್ತಿ, ರಕ್ತ ಸುರಿಯದಂತೆ ಶಸ್ತ್ರಕ್ರಿಯೆ ನಡೆಸುವ ಉಪಾಯ ಈ ಗುರುವಿನದು. ಅದೇ ನಗರದಲ್ಲಿ ಕ್ವಿಂಕೆ ಎಂಬ ಇನ್ನೊಬ್ಬ ವೈದ್ಯನು ಸೊಂಟದ ಬೆನ್ನುಮೂಳೆಗಳ ನಡುವೆ ಸೂಜಿ ಚುಚ್ಚಿ ಒಳಗಿನ ದ್ರವವನ್ನು ತೆಗೆಯುವ ಕ್ರಮವನ್ನು 1891ರಲ್ಲಿ ಪ್ರಕಟಿಸಿದ್ದನು. ಕೊಕೇನಿನ ಹನಿಯಿಂದ ಕಣ್ಣು ಮರಗಟ್ಟುವುದೆಂಬುದನ್ನು ವಿಯೆನ್ನಾದ ಕಾರ್ಲ್ ಕೊಲ್ಲರ್ 1884ರಲ್ಲಿಯೇ ತೋರಿಸಿಕೊಟ್ಟಿದ್ದನು. ಸೂಜಿಯ ದಾರಿಯೂ ಮರಗಟ್ಟಿಸುವ ಮದ್ದೂ ಹೀಗೆ ಬೇರೆಬೇರೆಯಾಗಿ ಸಿದ್ಧವಿದ್ದವು. ಅವೆರಡನ್ನೂ ಕೂಡಿಸುವ ಯೋಚನೆ ಬಿಯರನಿಗೆ ಬಂದಿತು.

1898ರ ಆಗಸ್ಟ್ 16ರಂದು ಮೂವತ್ತನಾಲ್ಕು ವಯಸ್ಸಿನ ಒಬ್ಬ ಕೂಲಿಗಾರನ ಸರದಿ ಬಂದಿತು. ಕ್ಷಯದಿಂದ ಆತನ ಕಾಲಿನ ಹರಡು ಕೀಲು ಕೆಟ್ಟಿದ್ದಿತು. ಹಿಂದೆ ಪ್ರಜ್ಞೆ ತಪ್ಪಿಸಿದಾಗಲೆಲ್ಲ ಬಹಳ ಬವಣೆಪಟ್ಟಿದ್ದನು. ಬಿಯರ್ ಆತನ ಬೆನ್ನಿನ ದ್ರವದೊಳಕ್ಕೆ 15 ಮಿಲಿಗ್ರಾಂ ಕೊಕೇನನ್ನು ಸೇರಿಸಿದನು. ರೋಗಿ ಎಚ್ಚರವಾಗಿದ್ದನು, ನೋವು ಮಾತ್ರ ಇರಲಿಲ್ಲ. ಕೆಲವೇ ದಿನಗಳಲ್ಲಿ ಇನ್ನೂ ಐವರಿಗೆ ಈ ಕ್ರಮ ನಡೆಯಿತು. ಆದರೆ ಶಸ್ತ್ರಕ್ರಿಯೆಯ ತರುವಾಯ ಇವರಲ್ಲಿ ಕೆಲವರು ತಲೆನೋವಿನಿಂದಲೂ ವಾಂತಿಯಿಂದಲೂ ನರಳಿದರು.

ಬಿಯರ್ ಮೊದಲು ತನ್ನ ಮೇಲೆ ಪ್ರಯೋಗ ನಡೆಸಿ ಆಮೇಲೆ ರೋಗಿಗಳನ್ನು ಮುಟ್ಟಿದನೆಂದು ಕಥೆ ಹೇಳುವವರುಂಟು. ಅದು ಸರಿಯಲ್ಲ. ರೋಗಿಗಳೇ ಮೊದಲು, ವೈದ್ಯನು ಆಮೇಲೆ. ಈ ಕ್ರಮದಲ್ಲಿ ದೋಷವಿದೆಯೆಂಬುದನ್ನು ನಾನು ಮರೆಮಾಡಲಾರೆ. ಆದರೆ ರೋಗಿಗಳ ದೂರನ್ನು ಆತನು ತಳ್ಳಿಹಾಕಲಿಲ್ಲ. ಅದೇನೆಂದು ತನ್ನ ಮೈಯಲ್ಲಿಯೇ ಅರಿಯಲು ಹೊರಟನು.

ಆಗಸ್ಟ್ 24ರ ಸಂಜೆ ಸಹಾಯಕನಾದ ಹಿಲ್ಡೆಬ್ರಾಂಟ್, ಬಿಯರನ ಬೆನ್ನಿಗೆ ಸೂಜಿ ಚುಚ್ಚಿದನು. ಪಿಚಕಾರಿ ಸೂಜಿಗೆ ಸರಿಯಾಗಿ ಕೂಡಲಿಲ್ಲ. ಮದ್ದು ಹೊರಗೆ ಚೆಲ್ಲಿತು. ಬೆನ್ನಿನ ದ್ರವವೂ ಬಹಳಷ್ಟು ಹರಿದುಹೋಯಿತು. ಆಗ ಹಿಲ್ಡೆಬ್ರಾಂಟ್ ತನ್ನ ಬೆನ್ನನ್ನು ಒಡ್ಡಿದನು. ಈ ಸಲ ಮದ್ದು ಸೇರಿತು. ಬಿಯರ್ ಆತನ ತೊಡೆಯ ಮೂಳೆಗೆ ತಾಗುವಂತೆ ಸೂಜಿ ಇಳಿಸಿದನು, ಉರಿಯುವ ಚುಟ್ಟಾವನ್ನು ಕಾಲಿಗೆ ಒತ್ತಿದನು, ಮೊಣಕಾಲಿನ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದನು. ಹಿಲ್ಡೆಬ್ರಾಂಟನಿಗೆ ನೋವಾಗಲಿಲ್ಲ. ಇಬ್ಬರೂ ಆ ರಾತ್ರಿ ಉಂಡು, ದ್ರಾಕ್ಷಾರಸ ಕುಡಿದು ಸಂತೋಷಪಟ್ಟರು. ಮರುದಿನದಿಂದ ಸಂತೋಷ ಇಳಿಯಿತು. ಹಿಲ್ಡೆಬ್ರಾಂಟ್ ಕಂದಿದ ಕಾಲುಗಳೊಡನೆ ವಾಂತಿ ತಲೆನೋವುಗಳಿಂದ ಬಳಲಿದನು. ಬಿಯರನಿಗೆ ಎದ್ದು ನಿಂತರೆ ತಲೆ ಸಿಡಿಯುವುದು, ಚಪ್ಪಟೆಯಾಗಿ ಮಲಗಿದರೆ ಇಳಿಯುವುದು. ಹೀಗೆ ಒಂಬತ್ತು ದಿನಗಳು. ಬೆನ್ನಿನ ದ್ರವ ಸೋರಿಹೋದದ್ದೇ ಇದಕ್ಕೆ ಕಾರಣವಿರಬೇಕೆಂದು ಆತನು ಊಹಿಸಿದನು. ಆ ಊಹೆ ಇಂದಿಗೂ ನಿಂತಿದೆ. ಇಂದಿನ ವೈದ್ಯರು ಕೂದಲಿನಂಥ ತೆಳು ಸೂಜಿಗಳನ್ನು ಬಳಸುವುದು ಆ ಕಾರಣದಿಂದಲೇ.

ಈ ಪ್ರಯೋಗದ ವರದಿ 1899ರಲ್ಲಿ ಬಿಯರ್ ಒಬ್ಬನ ಹೆಸರಿನಲ್ಲಿ ಪ್ರಕಟವಾಯಿತು. ಪೆಟ್ಟು ತಿಂದ ಸಹಾಯಕನ ಪ್ರಸ್ತಾಪ ಬರಹದೊಳಗೆ ಬಂದಿತೇ ಹೊರತು ಕರ್ತೃವಿನ ಸ್ಥಾನದಲ್ಲಿ ಬರಲಿಲ್ಲ. ಮುಂದೆ ನ್ಯೂಯಾರ್ಕಿನ ಕಾರ್ನಿಂಗ್ 1885ರಲ್ಲಿಯೇ ಇದನ್ನು ಸಾಧಿಸಿದ್ದನೆಂಬ ವಾದವೆದ್ದಾಗ ಹಿಲ್ಡೆಬ್ರಾಂಟ್ ಕಾರ್ನಿಂಗನ ಪಕ್ಷ ವಹಿಸಿದನು. ಗುರುವಿನ ಪ್ರಯೋಗಕ್ಕೆ ಮೈಯೊಡ್ಡಿದ ಶಿಷ್ಯನು ಗುರುವಿಗೇ ವಿರೋಧಿಯಾದದ್ದು ಈ ಚರಿತ್ರೆಯ ವಿಷಾದದ ಅಧ್ಯಾಯ.

ಬಿಯರ್ ಮೇಲೇರಿದನು. ಗ್ರೈಫ್ಸ್‌ವಾಲ್ಡ್, ಬಾನ್ ನಗರಗಳನ್ನು ದಾಟಿ 1907ರಲ್ಲಿ ಬರ್ಲಿನ್ನಿನ ಪ್ರಾಧ್ಯಾಪಕನಾದನು. 1908ರಲ್ಲಿ ತನ್ನ ಗುರು ಎಸ್ಮಾರ್ಕನ ಪಟ್ಟಿಯನ್ನೇ ಹೊಸ ಕೆಲಸಕ್ಕೆ ಹಚ್ಚಿದನು. ತೋಳಿನ ರಕ್ತವನ್ನು ಒತ್ತಿ ತೆಗೆದು, ಬಿಗಿದ ಪಟ್ಟಿಗಳ ನಡುವಿನ ರಕ್ತನಾಳಕ್ಕೆ ಪ್ರೊಕೇನ್ ಸೇರಿಸಿದರೆ ಆ ಭಾಗವೆಲ್ಲ ಮರಗಟ್ಟುವುದೆಂದು ತೋರಿಸಿದನು. ಮುಂಗೈ ಮುರಿದು ಬಂದ ಕಾರ್ಮಿಕನಿಗೆ ಇಂದು ನಾವು ಲಿಗ್ನೊಕೇನ್ ಬಳಸಿ ಮಾಡುವ ಬಿಯರ್ ಬ್ಲಾಕ್ ಇದರ ಸಂತಾನವೇ. ಮೊದಲನೆಯ ಮಹಾಯುದ್ಧದಲ್ಲಿ ಗುಂಡಿನ ಚೂರು ತಾಗಿ ತಲೆಯೊಡೆದ ಸೈನಿಕರನ್ನು ಕಂಡು ಉಕ್ಕಿನ ಶಿರಸ್ತ್ರಾಣ ಬೇಕೆಂದು ಒತ್ತಾಯಿಸಿದವರಲ್ಲಿ ಈತನೊಬ್ಬನು; ಎಂಜಿನಿಯರ್ ಶ್ವೆರ್ಡ್ ರೂಪಿಸಿದ ಆ ಟೋಪಿ 1916ರಲ್ಲಿ ಸೈನಿಕರ ತಲೆಗೇರಿತು. 1925ರಲ್ಲಿ ಹೋಮಿಯೋಪಥಿಯನ್ನು ಗಂಭೀರವಾಗಿ ವಿಚಾರಿಸಬೇಕೆಂದು ಬರೆದು ಸಹೋದ್ಯೋಗಿಗಳ ಕೋಪಕ್ಕೆ ಗುರಿಯಾದನು. 1937ರಲ್ಲಿ ಹಿಟ್ಲರನ ಸರಕಾರ ನೀಡಿದ ರಾಷ್ಟ್ರೀಯ ಬಹುಮಾನವನ್ನು ಸ್ವೀಕರಿಸಿದ್ದು ಆತನ ಬಾಳಿನ ಕಲೆ. ಕೊನೆಗಾಲವನ್ನು ಸಾವೆನ್ ಎಂಬಲ್ಲಿ, 1912ರಲ್ಲಿ ಕೊಂಡ ಬಡನೆಲದಲ್ಲಿ ಬಗೆಬಗೆಯ ಮರಗಳನ್ನು ಬೆಳೆಸಿ ಕಳೆದನು. 1949ರ ಮಾರ್ಚ್ 12ರಂದು ಅಲ್ಲಿಯೇ ತೀರಿಕೊಂಡನು.

ಇಂದು ಬೆಂಗಳೂರಿನ ಹೊರವಲಯದಲ್ಲಿ, ವೈಟ್‌ಫೀಲ್ಡಿನಿಂದ ಬೊಮ್ಮಸಂದ್ರದವರೆಗೆ, ದೊಡ್ಡ ಆಸ್ಪತ್ರೆಗಳೆದ್ದಿವೆ. ಅಲ್ಟ್ರಾಸೌಂಡಿನ ತೆರೆಯ ಮೇಲೆ ನರವನ್ನು ಕಣ್ಣಾರೆ ಕಂಡು ಔಷಧಿ ಬಿಡುವುದು ಈಗಿನ ರೂಢಿ. ನನ್ನ ಬಳಿ ಕಲಿಯಲು ಬರುವ ತರುಣ ವೈದ್ಯರು ಮೊದಲ ವಾರ ಸೂಜಿಯನ್ನು ಮುಟ್ಟುವುದಿಲ್ಲ. ಒಬ್ಬರ ಕೊರಳಿನ ಮೇಲೆ ಇನ್ನೊಬ್ಬರು ಯಂತ್ರವನ್ನಿಟ್ಟು ನರಗಳನ್ನು ಗುರುತಿಸುತ್ತಾರೆ. ಕೊರಳೊಡ್ಡಿ ಮಲಗಿದವರ ಮುಖದಲ್ಲಿ ಆಗ ಮೂಡುವ ಸಣ್ಣ ಅಂಜಿಕೆಯನ್ನು ನಾನು ಗಮನಿಸುತ್ತೇನೆ. ಅದೂ ಪಾಠದ ಒಂದು ಭಾಗವೇ.

ಬಿಯರನ ಚರಿತ್ರೆಯನ್ನು ಓದಿದ ಮರುದಿನ ಬೆಳಿಗ್ಗೆ ನಾನು ಆ ಬಾಣಂತಿಯ ಹಾಸಿಗೆಯ ಬಳಿಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆನು. ಮಲಗಿಕೊಂಡೇ ಹಾಲೂಡಲು ಅನುಕೂಲ ಮಾಡಿಸಿ, ತಕ್ಕ ಚಿಕಿತ್ಸೆಯನ್ನು ಆರಂಭಿಸಿದೆವು. ಮೂರನೆಯ ದಿನ ಆಕೆ ಎದ್ದು ಕುಳಿತು ಮಗುವಿನ ತಲೆಗೆ ಕುಲಾವಿ ಕಟ್ಟುತ್ತಿದ್ದಳು. ಅಂದಿನಿಂದ ಬೆನ್ನಿಗೆ ಸೂಜಿ ಹಾಕಿದ ಪ್ರತಿಯೊಬ್ಬರನ್ನೂ ಮರುದಿನ ಕಂಡು, ಕುಳಿತಾಗ ತಲೆ ಹೇಗಿದೆಯೆಂದು ಕೇಳದೆ ನಾನು ಮನೆಗೆ ಹೊರಡುವುದಿಲ್ಲ.