ಮೂರು ನಿಮಿಷದ ಖಾನಸಾಹೇಬರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಾವು ತಂಬೂರಿ ಬೇಕಾದರೆ ಮಿರಜಿನ ದಾರಿ ಹಿಡಿಯುತ್ತೇವೆ. ಆ ಮಿರಜಿನಲ್ಲಿ ನೆಲೆಸಿ, ಅಲ್ಲಿಯೇ ಮಣ್ಣಾದವರು ಉಸ್ತಾದ ಅಬ್ದುಲ ಕರೀಮಖಾನರು. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಇವರು ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳಾದರು. ಕಿರಾನಾ ಗಾಯನ ನಮ್ಮ ನಾಡಿನದಾಯಿತು.

ರಾಗವನ್ನು ಸ್ವರಸ್ವರವಾಗಿ ನಿಧಾನಕ್ಕೆ ಬೆಳೆಸುವುದು ಅವರ ರೀತಿ. ಆದರೆ ನಾನು ಕೇಳಿದ ಖಾನಸಾಹೇಬರು ಮೂರು ನಿಮಿಷದವರು! ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದೇ ಅಷ್ಟು. ಯಂತ್ರ ಕಂಪನಿಯದು, ಕಾಲದ ಅಳತೆಯೂ ಅದರದೇ. 1905ರ ಸುಮಾರಿನ ಮುದ್ರಣಕ್ಕೆ ಮೈಕು ಕೂಡ ಇರಲಿಲ್ಲ. ತುತ್ತೂರಿಯಂಥ ಕೊಳವೆಯ ಮುಂದೆ ಕುಳಿತು ಹಾಡಬೇಕು, ಮೇಣದ ಮೇಲೆ ಬಿದ್ದ ಗೆರೆಯನ್ನು ತಿದ್ದುವಂತಿಲ್ಲ. ದೀರ್ಘ ಗಾಯನ ಹಿಡಿಯುವ ಟೇಪಿನ ಯಂತ್ರ ಈ ದೇಶಕ್ಕೆ ಬಂದದ್ದು ಅವರು ತೀರಿದ ಮೇಲೆ. ಅಂಥದೊಂದು ಮನೆಯಲ್ಲಿದ್ದಿದ್ದರೆ ಬೆಳಗಿನ ಸಾಧನೆಯ ಒಂದು ತೋಡಿಯಾದರೂ ಪೂರ್ತಿ ಉಳಿಯುತ್ತಿತ್ತೆಂಬುದು ನನ್ನ ಕೊರಗು. ಈಗಲೋ, ಭಜನಾ ಮೇಳದ ಹುಡುಗನ ಕಿಸೆಯಲ್ಲಿಯೂ ಯಂತ್ರವಿದೆ.

ಆ ತುಣುಕುಗಳನ್ನು ಹಗುರಾಗಿ ಕಾಣಲಾರೆ. ಖಾನಸಾಹೇಬರ ತಟ್ಟೆ ಕೇಳಿಯೇ ಗದಗಿನ ಬಾಲಕ ಭೀಮಸೇನ ಜೋಶಿ ಮನೆ ಬಿಟ್ಟರೆಂಬುದು ಪ್ರಸಿದ್ಧ. ಕೊನೆಗೆ ಅವರು ಸವಾಯಿ ಗಂಧರ್ವರ ಶಿಷ್ಯರಾದರು.

1937ರ ಅಕ್ಟೋಬರ 27ರಂದು ಮದ್ರಾಸಿನ ಹತ್ತಿರ ಸಿಂಗಪೆರುಮಾಳ ಕೋಯಿಲ ನಿಲ್ದಾಣದಲ್ಲಿ ಖಾನಸಾಹೇಬರು ರೈಲಿನಿಂದ ಇಳಿದರು. ದರಬಾರಿಯಲ್ಲಿ ದೇವರನ್ನು ನೆನೆದು ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಅದನ್ನು ಕೇಳಿದವರು ಜೊತೆಗಿದ್ದವರಷ್ಟೇ.