ಕಾಣದ ಪೊರೆಯನ್ನು ಅರಿತ ಓವರ್ಟನ್

ಜೀವಕೋಶವನ್ನು ಆವರಿಸಿರುವ ಪೊರೆಯು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟೂ ದಪ್ಪವಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು 1950ರ ದಶಕದಲ್ಲಿ ಅದನ್ನು ಕಣ್ಣಿಗೆ ತೋರಿಸುವುದಕ್ಕೆ ಅರ್ಧ ಶತಮಾನ ಮುಂಚೆಯೇ ಅದರ ಸ್ವಭಾವವನ್ನು ಬುದ್ಧಿಬಲದಿಂದ ಅರಿತವನು ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್.

ಈತನು 1865ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದಲ್ಲಿ ಜನಿಸಿದನು. ತಾಯಿಯ ಕಡೆಯಿಂದ ಡಾರ್ವಿನ್ನನಿಗೆ ದೂರದ ಬಂಧು. 1882ರಲ್ಲಿ ತಾಯಿಯೊಡನೆ ಸ್ವಿಟ್ಜರ್ಲೆಂಡಿಗೆ ತೆರಳಿ, ಜ್ಯೂರಿಕ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1889ರಲ್ಲಿ ಡಾಕ್ಟರೇಟ್ ಪಡೆದನು.

ಆನುವಂಶಿಕತೆಯ ಸಂಶೋಧನೆಗಾಗಿ, ಸಸ್ಯಕೋಶದೊಳಕ್ಕೆ ಹೋಗಬಲ್ಲ ದ್ರವ್ಯಗಳು ಆತನಿಗೆ ಬೇಕಾಗಿದ್ದವು. ನೀರು ಒಳಹೋದೀತು, ನೀರಿನಲ್ಲಿ ಕರಗಿದ ವಸ್ತುಗಳು ಸುಲಭವಾಗಿ ಹೋಗಲಾರವು ಎಂಬುದು ಅಂದಿನ ವಿದ್ವಾಂಸರ ಸಾಮಾನ್ಯ ನಂಬುಗೆ. ಓವರ್ಟನ್ನನು ಅದನ್ನು ಪರೀಕ್ಷಿಸದೆ ಒಪ್ಪಲಿಲ್ಲ. ಬೇರಿನ ರೋಮಗಳನ್ನು ಗಾಢವಾದ ಸಕ್ಕರೆಯ ದ್ರಾವಣದಲ್ಲಿರಿಸಿದರೆ ಕೋಶದ ನೀರು ಹೊರಬಂದು, ಜೀವದ್ರವ್ಯವು ಭಿತ್ತಿಯನ್ನು ಬಿಟ್ಟು ಮುದುಡುವುದು. ಅಷ್ಟೇ ಸಾಂದ್ರತೆಯ ಮದ್ಯಸಾರದಲ್ಲಿ ಅದು ಮುದುಡಲಿಲ್ಲ. ಮದ್ಯಸಾರವು ಸದ್ದಿಲ್ಲದೆ ಒಳಹೊಕ್ಕಿತ್ತು! ಹೀಗೆ ವರ್ಷಗಟ್ಟಲೆ ಕುಳಿತು ಸುಮಾರು 500 ದ್ರವ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಎಣ್ಣೆಯಲ್ಲಿ ಹೆಚ್ಚು ಕರಗುವ ದ್ರವ್ಯವು ಕೋಶವನ್ನು ಶೀಘ್ರವಾಗಿ ಪ್ರವೇಶಿಸುವುದೆಂದು ಕಂಡುಬಂದಿತು. ಆದುದರಿಂದ ಪೊರೆಯಲ್ಲಿ ಕೊಲೆಸ್ಟೆರಾಲ್, ಲೆಸಿಥಿನ್‌ಗಳಂತಹ ಸ್ನಿಗ್ಧ ವಸ್ತುಗಳಿರಬೇಕೆಂದು 1899ರಲ್ಲಿ ನಿರೂಪಿಸಿದನು. ಗೊದಮೊಟ್ಟೆಗಳ ಮೇಲೆ ಪ್ರಯೋಗ ನಡೆಸಿ, ಅರಿವಳಿಕೆಯ ಔಷಧಗಳ ಬಲವೂ ಈ ಗುಣವನ್ನೇ ಅನುಸರಿಸುವುದೆಂದು 1901ರ ಗ್ರಂಥದಲ್ಲಿ ತೋರಿಸಿದನು.

ವ್ಯಾಕರಣವನ್ನೋದಿದ ನನಗೆ ಈತನಲ್ಲಿ ವಿಶೇಷವಾಗಿ ಮೆಚ್ಚುಗೆಯಾದುದು ಬೇರೊಂದಿದೆ. ಉತ್ಸರ್ಗವನ್ನು ವಿಧಿಸಿದವನೇ ಅಪವಾದವನ್ನೂ ಹೇಳಿದನು. ಎಣ್ಣೆಯಲ್ಲಿ ಕರಗದ ಆಹಾರಾಂಶಗಳೂ ಕೋಶಕ್ಕೆ ದೊರೆಯುತ್ತವಷ್ಟೆ? ಅದಕ್ಕೆ ಕೋಶವು ತಾನೇ ಶ್ರಮಿಸುವ ಬೇರೆ ಮಾರ್ಗವಿರಬೇಕೆಂದು ಒಪ್ಪಿಕೊಂಡನು. ತನ್ನ ನಿಯಮವನ್ನು ಎಲ್ಲೆಡೆಗೂ ಎಳೆಯಲಿಲ್ಲ.

ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿದ್ದಾಗ, 1902ರಲ್ಲಿ, ಕಪ್ಪೆಯ ಸ್ನಾಯುವು ಸೋಡಿಯಂ ಇಲ್ಲದ ದ್ರಾವಣದಲ್ಲಿ ಪ್ರಚೋದನೆಗೆ ಓಗೊಡದಿರುವುದನ್ನು ಕಂಡನು. ಸ್ನಾಯು ಸಂಕುಚಿಸುವಾಗ ಸೋಡಿಯಂ ಒಳಕ್ಕೂ ಪೊಟ್ಯಾಸಿಯಂ ಹೊರಕ್ಕೂ ಹೋಗುತ್ತಿರಬಹುದೆಂದು ಊಹಿಸಿದನು. ಹಾಗಾದರೆ ಜೀವಮಾನವೆಲ್ಲ ಮಿಡಿದ ಮುದುಕನ ಹೃದಯವು ತನ್ನ ಪೊಟ್ಯಾಸಿಯಮನ್ನು ಹೇಗೆ ಉಳಿಸಿಕೊಂಡಿದೆ? ಈ ತೊಡಕನ್ನು ಎತ್ತಿದವನೂ ಆತನೇ.

1907ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕನಾದನು. ಅನಂತರ ಆತನ ಲೇಖನಿಯಿಂದ ಬಂದುದು ಅಲ್ಪ. 1933ರಲ್ಲಿ ಕಾಲವಶನಾದನು. ಸೋಡಿಯಮನ್ನು ಹೊರದೂಡಿ ಪೊಟ್ಯಾಸಿಯಮನ್ನು ಒಳಸೆಳೆಯುವ ಪೊರೆಯ ಕಿಣ್ವವನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೋ ಪ್ರಕಟಪಡಿಸಿದುದು 1957ರಲ್ಲಿ.